ಊರಿನ ಪರವಾಗಿ ಊದಿದವಳು

ಈ ಊರಿನ ಜನರ ಶ್ವಾಸಕೋಶಗಳು ದೇಶದಲ್ಲಿಯೇ ಅತ್ಯುತ್ತಮವಾದವು ಎಂಬುದು ಸರ್ಕಾರಿ ದಾಖಲೆಗಳಿಂದ ದೃಢಪಟ್ಟಿರುವ ಸಂಗತಿ. ಈ ವಿಷಯದಲ್ಲಿ ಯಾರಿಗಾದರೂ ಸಂಶಯವಿದ್ದಲ್ಲಿ ಅವರು ನಿಗದಿತ ನಮೂನೆಯಲ್ಲಿ, ಮೂರು ಪ್ರತಿಗಳಲ್ಲಿ, ಕೆಮ್ಮದೆ ಅರ್ಜಿ ಸಲ್ಲಿಸಬಹುದು. ಇದುವರೆಗೆ ಅಂಥ ಅರ್ಜಿ ಒಂದೂ ಬಂದಿಲ್ಲ.

ಊರಿನ ಮಗ್ಗುಲಲ್ಲೇ ಕಲ್ಲುಪುಡಿ ಗಿರಣಿ. ಗುಡ್ಡದ ಬಿಳಿಕಲ್ಲನ್ನು ಒಡೆದು, ಅರೆದು, ಜರಡಿ ಹಿಡಿದು, ಗಾಜು ಮಾಡುವವರಿಗೆ ಚೀಲಗಟ್ಟಲೆ ಕಳಿಸುವುದು ಅದರ ಕಸುಬು. ಚೀಲಕ್ಕೆ ಸೇರಿದ್ದು ಚೀಲಕ್ಕೆ, ಉಳಿದದ್ದು ಊರಿಗೆ. ಬೆಳಿಗ್ಗೆ ಒಗೆದು ಹರವಿದ ಕರಿ ಬಟ್ಟೆ ಮಧ್ಯಾಹ್ನಕ್ಕೆ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ನೆತ್ತಿಯ ಮೇಲೆ ಧೂಳು ಕೂತು ಇಪ್ಪತ್ತರ ಹುಡುಗರೂ ಅರವತ್ತರವರಂತೆ ಕಾಣುತ್ತಿದ್ದರು. ಅರವತ್ತರವರು ಕಾಣುತ್ತಲೇ ಇರಲಿಲ್ಲ, ಅವರು ಐವತ್ತಕ್ಕೇ ಹೊರಟುಹೋಗುತ್ತಿದ್ದರು. ಎಲ್ಲರೂ ಕೆಮ್ಮುತ್ತಲೇ ಮಾತಾಡುತ್ತಿದ್ದರು. ಯಾರಾದರೂ ಕೆಮ್ಮದೆ ಒಂದು ಪೂರ್ತಿ ವಾಕ್ಯ ಹೇಳಿಬಿಟ್ಟರೆ, ಇವನೇನೋ ಬಾಯಿಪಾಠ ಮಾಡಿಕೊಂಡು ಬಂದಿದ್ದಾನೆ ಎಂದು ಜನ ಅನುಮಾನ ಪಡುತ್ತಿದ್ದರು.

ಇಂಥ ಊರಿನ ಉಸಿರಿನ ಬಗ್ಗೆ ಸರ್ಕಾರಕ್ಕೆ ಕಾಳಜಿ ಹುಟ್ಟಿದ್ದು ಎರಡು ವರ್ಷದ ಹಿಂದೆ. ಹುಟ್ಟಿದ ಕಾಳಜಿಗೆ ಒಂದು ಕಟ್ಟಡ, ಒಂದು ನಾಮಫಲಕ, ಒಬ್ಬರು ದೊಡ್ಡ ಸಾಹೇಬರು, ಒಬ್ಬ ಗುಮಾಸ್ತ ಮತ್ತು ಒಂದು ಯಂತ್ರ ಮಂಜೂರಾದವು. ನಾಮಫಲಕದ ಮೇಲೆ 'ಉಸಿರು ಹಿತರಕ್ಷಣಾ ಕಚೇರಿ' ಎಂದು ಬರೆದಿತ್ತು. ಯಂತ್ರ ಮಾತ್ರ ನಿಜಕ್ಕೂ ಒಳ್ಳೆಯದು, ಅದನ್ನು ಆಡಿಕೊಳ್ಳಬಾರದು. ಅದರ ಕೊಳವೆಗೆ ಬಾಯಿಟ್ಟು ಎದೆಯಲ್ಲಿರುವುದನ್ನೆಲ್ಲ ಒಂದೇ ಸಲಕ್ಕೆ ಊದಿದರೆ, ಶ್ವಾಸಕೋಶದಲ್ಲಿ ಎಷ್ಟು ಕಸುವಿದೆ ಅನ್ನುವುದನ್ನು ಅಂಕಿಯಲ್ಲಿ ತೋರಿಸುತ್ತಿತ್ತು. ಆ ಅಂಕಿಗೆ ಕಚೇರಿಯ ಭಾಷೆಯಲ್ಲಿ ಉಸಿರಂಕ ಎಂದು ಹೆಸರು. ನಾನೂರು ದಾಟಿದವರು ಸಮರ್ಥರು, ದಾಟದವರು ಅಸಮರ್ಥರು.

ಯಂತ್ರದ ಜತೆ ಬಂದ ಕೈಪಿಡಿಯ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಒಂದು ಎಚ್ಚರಿಕೆ ಇತ್ತು: 'ಇದನ್ನು ಧೂಳಿನಿಂದ ದೂರವಿಡಿ. ಧೂಳು ಇದರ ಆಯುಸ್ಸನ್ನು ಕುಗ್ಗಿಸುತ್ತದೆ.' ಇದನ್ನು ಓದಿ ದೊಡ್ಡ ಸಾಹೇಬರ ಕಣ್ಣಲ್ಲಿ ನೀರು ಬಂತು. ಕೂಡಲೇ ಆದೇಶಗಳು ಹೊರಟವು. ಯಂತ್ರದ ಕೋಣೆಗೆ ಎರಡು ಪದರ ಗಾಜು ಹಾಕಿಸಿದರು, ತಂಪು ಗಾಳಿಯ ವ್ಯವಸ್ಥೆ ಮಾಡಿಸಿದರು, ಬಾಗಿಲ ಸಂದಿಗೆಲ್ಲ ರಬ್ಬರು ಪಟ್ಟಿ ಬಡಿಸಿದರು. ಗುಮಾಸ್ತ ಚಪ್ಪಲಿ ಬಿಟ್ಟು, ಕಾಲು ತೊಳೆದು, ಬಿಳಿ ಕಾಲುಚೀಲ ತೊಟ್ಟು ಒಳಗೆ ಹೋಗಬೇಕು. ಇಷ್ಟೆಲ್ಲ ಆದ ಮೇಲೆ ಯಂತ್ರಕ್ಕೆ ಉಳಿದ ದೊಡ್ಡ ಅಪಾಯ ಯಾವುದೆಂದರೆ ಪರೀಕ್ಷೆಗೆ ಬರುವ ಜನ. ಅವರ ತಲೆಯಲ್ಲಿ ಧೂಳು, ಬಟ್ಟೆಯಲ್ಲಿ ಧೂಳು, ಹುಬ್ಬಿನಲ್ಲೂ ಧೂಳು. ಆದ್ದರಿಂದ ಗೋಡೆಗೆ ತೂತು ಕೊರೆದು, ಕೊಳವೆಯನ್ನು ಉದ್ದ ಮಾಡಿ, ಅದರ ಬಾಯನ್ನು ಪಕ್ಕದ ಓಣಿಗೆ ಬಿಡಲಾಯಿತು. ಗುಮಾಸ್ತ ಒಳಗಿನಿಂದ ಧ್ವನಿವರ್ಧಕದಲ್ಲಿ ಹೆಸರು ಕೂಗುವುದು, ಹೆಸರಿನವರು ಓಣಿಯಲ್ಲಿ ನಿಂತು ಊದುವುದು, ಅಂಕ ಬರೆದ ಚೀಟಿ ಕೆಳಗಿನ ಇನ್ನೊಂದು ತೂತಿನಿಂದ ಹೊರಗೆ ಬೀಳುವುದು. ಒಳಗಿನವರಿಗೆ ಹೊರಗಿನವರು ಕಾಣುತ್ತಿರಲಿಲ್ಲ. ಕಾಣಬೇಕಾದ ಅಗತ್ಯ ಯಾರಿಗೂ ಹೊಳೆದಿರಲಿಲ್ಲ.

ಆ ಓಣಿಯ ಬಾಯಲ್ಲೇ ಬಲೂನಕ್ಕ ಕೂರುತ್ತಿದ್ದದ್ದು.

ಬಲೂನಕ್ಕನಿಗೆ ನಲವತ್ತು ದಾಟಿತ್ತು. ಬೋರಲು ಹಾಕಿದ ಹಣ್ಣಿನ ಪೆಟ್ಟಿಗೆಯ ಮೇಲೆ ಕೂತು, ಕೋಲಿನ ತುದಿಗೆ ಬಣ್ಣಬಣ್ಣದ ಗೊಂಚಲು ಕಟ್ಟಿ, ದಿನಕ್ಕೆ ನೂರು ಬಲೂನು ಬಾಯಲ್ಲೇ ಊದುತ್ತಿದ್ದಳು. ಪಂಪು ಕಂಡರೆ ಅವಳಿಗೆ ಮೈಯೆಲ್ಲ ಉರಿ. "ಪಂಪಿನ ಗಾಳೀಲಿ ಜೀವ ಇರಲ್ಲ ಕಣ್ರೀ, ಮಗು ಮನೆ ಮುಟ್ಟೋಷ್ಟರಲ್ಲಿ ಬಲೂನು ಮುಖ ಬಾಡಿಸ್ಕೊಂಡಿರುತ್ತೆ," ಅನ್ನುತ್ತಿದ್ದಳು. ಒಂದೇ ಉಸಿರಿಗೆ ಒಂದು ಬಲೂನು. ಎರಡನೇ ಉಸಿರು ತೆಗೆದುಕೊಂಡದ್ದನ್ನು ಕಂಡವರಿಲ್ಲ. ಬಲೂನಕ್ಕ ನಿಟ್ಟುಸಿರು ಬಿಟ್ಟರೆ ಎದುರಂಗಡಿಯ ಶಟರು ಅಲುಗುತ್ತೆ ಎಂದು ಜನ ರೇಗಿಸುತ್ತಿದ್ದರು. ಅವಳಿಗೆ ತನ್ನವನು ಅಂತ ಇದ್ದವನು ಒಬ್ಬ ತಮ್ಮ. ತಾಯಿ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ಅವನಿಗೀಗ ಹೆಂಡತಿ, ಪುಟ್ಟ ಮಗಳು, ಮತ್ತು ಗಿರಣಿಯ ಜರಡಿ ಮನೆಯಲ್ಲಿ ಹನ್ನೊಂದು ವರ್ಷದ ಕೆಲಸ ಇತ್ತು. ಜರಡಿ ಮನೆ ಅಂದರೆ ಎದುರು ನಿಂತವನ ಮುಖ ಕಾಣದಷ್ಟು ಪುಡಿ ಹಾರುವ ಜಾಗ.

ಪರೀಕ್ಷೆಯ ಮೊದಲ ದಿನ ಎಂಟು ಜನ ಊದಿದರು. ಏಳು ಜನ ಅಸಮರ್ಥರಾದರು. ಎಂಟನೆಯವನು ಪಕ್ಕದ ಊರಿನವನು, ಯಾರದೋ ವಿಳಾಸ ಕೇಳಲು ಬಂದು ಸಾಲಿನಲ್ಲಿ ಸಿಕ್ಕಿಬಿದ್ದಿದ್ದ. ಗಿರಣಿಯ ಧಣಿಗಳು ಅದೇ ಮಧ್ಯಾಹ್ನ ಆ ಏಳು ಜನಕ್ಕೆ ಪತ್ರ ಕಳಿಸಿದರು: 'ತಮ್ಮ ಆರೋಗ್ಯದ ಬಗ್ಗೆ ನಮಗಿರುವ ಅಪಾರ ಗೌರವದಿಂದಾಗಿ ನಾಳೆಯಿಂದ ತಾವು ಕೆಲಸಕ್ಕೆ ಬರಬೇಕಾಗಿಲ್ಲ.' ಸಾಲಿನಲ್ಲಿದ್ದವರ ಮುಖದ ಬಣ್ಣವೇ ಹೋಯಿತು. ಒಂಬತ್ತನೆಯವನಾಗಿ ನಿಂತಿದ್ದವನು ತಮ್ಮ.

ಅವನು ಸಾಲು ಬಿಟ್ಟು ಅಕ್ಕನ ಹತ್ತಿರ ಬಂದ.

"ಅಕ್ಕಾ, ನಾನು ಮುಗಿದೆ."

"ಏನೋ ಅದು, ಮುಗಿಯೋ ಮಾತು? ಎದೆ ಸೆಟೆಸಿ ಊದು."

"ಸೆಟೆಸಕ್ಕೆ ಎದೆ ಎಲ್ಲಿದೆ? ಕೆಮ್ಮು ಬಿಟ್ಟರೆ ಬೇರೇನೂ ಬರಲ್ಲ."

ಅಷ್ಟರಲ್ಲಿ ಧ್ವನಿವರ್ಧಕ ಅವನ ಹೆಸರು ಕೂಗಿತು. ಬಲೂನಕ್ಕ ಓಣಿಯ ಆಚೆ ನೋಡಿದಳು, ಈಚೆ ನೋಡಿದಳು. ಕೈಯಲ್ಲಿದ್ದ ಕೆಂಪು ಬಲೂನನ್ನು ತಮ್ಮನಿಗೆ ಕೊಟ್ಟು, "ಹಿಡ್ಕೋ, ಹಾರಿಹೋದೀತು," ಎಂದು ಎದ್ದಳು. ಕೊಳವೆಯ ಬಾಯನ್ನು ಸೆರಗಿನಿಂದ ಒರೆಸಿ, ಊದಿದಳು. ಒಳಗೆ ಏನೋ ಕಿಣಿಕಿಣಿ ಅಂತು. ಚೀಟಿ ಬಿತ್ತು. ಆರುನೂರ ನಲವತ್ತು, ಸಮರ್ಥ.

ಸಾಲಿನಲ್ಲಿದ್ದ ಮೂವತ್ತು ಜನವೂ ಇದನ್ನು ಕಣ್ಣಾರೆ ಕಂಡರು. ಹತ್ತನೆಯವನ ಹೆಸರು ಕೂಗಿದಾಗ ಅವನು ಕೊಳವೆಯ ಕಡೆ ಹೋಗದೆ ಬಲೂನಕ್ಕನ ಕಡೆ ತಿರುಗಿ ಕೈ ಜೋಡಿಸಿದ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ತಮ್ಮನಿಗೆ ಊದಿದವಳು ತಮ್ಮನ ಜತೆಗಾರನಿಗೆ ಊದದೆ ಇರಲಾದೀತೇ? ಊದಿದಳು. ಹನ್ನೊಂದನೆಯವನಿಗೂ ಊದಿದಳು. ಸಂಜೆಯ ಹೊತ್ತಿಗೆ ಅವಳು ಪೆಟ್ಟಿಗೆಯನ್ನೇ ಕೊಳವೆಯ ಕೆಳಗೆ ಎಳೆದುಕೊಂಡು ಕೂತುಬಿಟ್ಟಿದ್ದಳು.

ಹೀಗೆ ಒಂದೂವರೆ ತಿಂಗಳಲ್ಲಿ ಬಲೂನಕ್ಕ ನಾನೂರ ಹನ್ನೆರಡು ಜನರ ಪರವಾಗಿ ಊದಿದಳು. ಕೆಲಸ ಕಳೆದುಕೊಂಡಿದ್ದ ಆ ಏಳು ಜನ ಮರುಪರೀಕ್ಷೆಗೆ ಅರ್ಜಿ ಹಾಕಿದರು, ಅವರಿಗೂ ಊದಿದಳು. ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದ ಮುದಿ ಮೇಸ್ತ್ರಿಯ ಹೆಸರನ್ನು ಪಟ್ಟಿಯಿಂದ ಯಾರೂ ತೆಗೆದಿರಲಿಲ್ಲ. ಹೆಸರು ಕೂಗಿದಾಗ ಮೇಸ್ತ್ರಿಯ ಮಗ ಮುಂದೆ ಬಂದು, "ಅಕ್ಕಾ, ನಮ್ಮಪ್ಪಂಗೂ ಒಂದು ಊದಿಬಿಡು. ಇಲ್ಲಾಂದ್ರೆ ಗೈರುಹಾಜರು ಅಂತ ಬರೀತಾರೆ, ಪಾಪ, ಒಂದು ದಿನಾನೂ ಗೈರಾದೋರಲ್ಲ," ಎಂದ. ಮೇಸ್ತ್ರಿ ಬಲೂನಕ್ಕನಿಗೆ ಚಿಕ್ಕಂದಿನಿಂದ ಗೊತ್ತಿದ್ದವನು. ಅವಳಿಗೆ ದುಃಖ ಒತ್ತರಿಸಿ ಬಂತು, ದುಃಖದಲ್ಲಿ ಉಸಿರೂ ಜೋರಾಗಿ ಬಂತು. ಆರುನೂರ ಅರವತ್ತೆರಡು. ಊರಿನ ಅತ್ಯುತ್ತಮ ಶ್ವಾಸಕೋಶದ ಪ್ರಶಸ್ತಿ ಆ ವರ್ಷ ಮೇಸ್ತ್ರಿಗೇ ಬಂತು. 'ಅನಿವಾರ್ಯ ಕಾರಣಗಳಿಂದ ವಿಜೇತರಿಗೆ ಬರಲಾಗಲಿಲ್ಲ' ಎಂದು ಮಗನೇ ಹೋಗಿ ಪಡೆದುಕೊಂಡ.

ಒಳಗೆ ಕೂತಿದ್ದ ಗುಮಾಸ್ತ ದಡ್ಡನಲ್ಲ. ಎಲ್ಲರ ಅಂಕವೂ ಒಂದೇ ಆಸುಪಾಸಿನಲ್ಲಿರುವುದು ಅವನ ಗಮನಕ್ಕೆ ಬಂತು. ಊಟಕ್ಕೆ ಮುಂಚೆ ಊದಿದವರೆಲ್ಲ ಆರುನೂರ ಹತ್ತು, ಊಟದ ನಂತರ ಊದಿದವರೆಲ್ಲ ಆರುನೂರ ಐವತ್ತು. ಅವನು ಕಡತ ಹಿಡಿದುಕೊಂಡು ದೊಡ್ಡ ಸಾಹೇಬರ ಹತ್ತಿರ ಹೋದ.

"ಸಾರ್, ಇದರಲ್ಲಿ ಏನೋ ಇದೆ."

"ಇದೆ," ಎಂದರು ಸಾಹೇಬರು, ಅವರ ಮುಖ ಬೆಳಗುತ್ತಿತ್ತು. "ಏಳು ಜನ ಅಸಮರ್ಥರು ಎರಡೇ ವಾರದಲ್ಲಿ ಸಮರ್ಥರಾಗಿದ್ದಾರೆ. ಔಷಧಿ ಕೊಟ್ಟಿಲ್ಲ, ಊರು ಬಿಟ್ಟಿಲ್ಲ. ಹಾಗಿದ್ದ ಮೇಲೆ ಅವರು ಉಸಿರಾಡಿದ್ದು ಏನನ್ನ?"

"ಧೂಳನ್ನ ಸಾರ್."

"ಬರ್ಕೊಳ್ಳಿ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ಕಡೆಯೂ ಇರುತ್ತಾರೆ. ಇಲ್ಲಿ ಕರುವಿಗೆ ಹೆಸರಿಡಲು ಸಮಿತಿಯನ್ನೂ ರಚಿಸಿದರು. ಮೂವರು ತಜ್ಞರು ಮುಖಗವಸು ಧರಿಸಿ ಬಂದು, ಕಾರಿನ ಗಾಜು ಇಳಿಸದೆ ಊರನ್ನು ಒಂದು ಗಂಟೆ ಹತ್ತು ನಿಮಿಷ ಅಧ್ಯಯನ ಮಾಡಿದರು. ಊಟದ ನಂತರ ಅಂಕ ಹೆಚ್ಚುವುದಕ್ಕೆ ಕಾರಣ, ಧೂಳು ಅನ್ನದ ಜತೆ ಸೇರಿ ಚೆನ್ನಾಗಿ ಮೈಗೆ ಹತ್ತುವುದು ಎಂದು ಅವರು ಕಂಡುಕೊಂಡರು. ಮರುವಾರ ಕಚೇರಿಯ ಗೋಡೆಗೆ ಪ್ರಕಟಣೆ ಅಂಟಿಸಲಾಯಿತು:

'ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಇನ್ನು ಮುಂದೆ ಧೂಳನ್ನು ಧೂಳು ಎಂದು ಕರೆಯತಕ್ಕದ್ದಲ್ಲ. ಅದರ ಅಧಿಕೃತ ಹೆಸರು ಶ್ವಾಸವರ್ಧಕ. ರಸ್ತೆಗೆ ನೀರು ಚಿಮುಕಿಸಿ ಶ್ವಾಸವರ್ಧಕವನ್ನು ಹಾಳುಗೆಡಹುವುದನ್ನು ಈ ಕೂಡಲೇ ನಿಲ್ಲಿಸಲಾಗಿದೆ. ಮುಖಗವಸು ಧರಿಸುವವರು ತಮ್ಮ ಪಾಲಿನ ಆರೋಗ್ಯವನ್ನು ನಿರಾಕರಿಸುತ್ತಿದ್ದಾರೆಂದು ಭಾವಿಸಲಾಗುವುದು. ಕೆಮ್ಮುವವರು, ಅದು ಸಂತೋಷದಿಂದ ಬಂದ ಕೆಮ್ಮೆಂದು ಕೇಳಿದವರಿಗೆ ವಿವರಿಸಲು ಬದ್ಧರಾಗಿರತಕ್ಕದ್ದು.'

ಗಿರಣಿಯ ಧಣಿಗಳು ನೀರಿನ ಟ್ಯಾಂಕರನ್ನು ಮಾರಿದರು. ಜರಡಿ ಮನೆಯಲ್ಲಿ ಹೆಸರಿಗೊಂದು ಗಾಳಿ ಹೀರುವ ಫ್ಯಾನು ಇತ್ತು, ಅದನ್ನೂ ಬಿಚ್ಚಿಸಿದರು. ಕೆಲಸಗಾರರ ಹಕ್ಕಿನ ಶ್ವಾಸವರ್ಧಕವನ್ನು ಅದು ಕದ್ದು ಹೊರಗೆ ಹಾಕುತ್ತಿತ್ತಂತೆ. ದೂರದ ಊರುಗಳವರು ನಮಗೂ ಒಂದೊಂದು ಚೀಲ ಕಳಿಸಿ ಎಂದು ಪತ್ರ ಬರೆದರು. ದೊಡ್ಡ ಸಾಹೇಬರಿಗೆ ಬಡ್ತಿ ಸಿಕ್ಕಿತು. ಊರಿನವರಿಗೆ ಕೆಲಸ ಉಳಿಯಿತು. ಎಲ್ಲರಿಗೂ ಒಳ್ಳೆಯದೇ ಆಯಿತು, ತಮ್ಮನೊಬ್ಬನನ್ನು ಬಿಟ್ಟು.

ತಮ್ಮನಿಗೆ ಉಸಿರು ಸಾಲದಾಗಿತ್ತು. ಮನೆ ಮುಂದಿನ ಮೂರು ಮೆಟ್ಟಿಲು ಹತ್ತಲು ನಡುವೆ ಒಂದು ಸಲ ಕೂರುತ್ತಿದ್ದ. ಅಡ್ಡ ಮಲಗಿದರೆ ಎದೆ ಬಿಗಿಯುತ್ತದೆ ಎಂದು ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಿದ್ದ. ಒಂದು ಭಾನುವಾರ ಬಲೂನಕ್ಕ ಅವನ ಮನೆಗೆ ಹೋದಾಗ ಪುಟ್ಟ ಮಗಳು ಖಾಲಿ ಬಲೂನೊಂದನ್ನು ಅಪ್ಪನ ಕೈಗಿಟ್ಟು, "ಅತ್ತೆ ಊದೋ ಹಾಗೆ ಊದಪ್ಪಾ," ಎಂದಳು. ಅವನು ಊದಿದ. ಬಲೂನಿನ ಬಾಯಿ ಒದ್ದೆಯಾಯಿತು, ಅಷ್ಟೇ. ಇನ್ನೊಮ್ಮೆ ಊದಿದ, ಕಣ್ಣು ಕೆಂಪಾದವು, ಕೆಮ್ಮು ಹತ್ತಿ ನೆಲಕ್ಕೆ ಕೈಯೂರಿದ. ಮಗು ಬಲೂನನ್ನು ಮೆಲ್ಲಗೆ ಕಿತ್ತುಕೊಂಡು, "ಇದು ಕೆಟ್ಟ ಬಲೂನು, ಬಿಡಪ್ಪಾ," ಅಂತು. ಬಲೂನಕ್ಕ ಅಡುಗೆ ಮನೆಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಅತ್ತಳು. ತಮ್ಮನ ಹೆಂಡತಿ ಅವಳ ಬೆನ್ನ ಮೇಲೆ ಕೈಯಿಟ್ಟಳು.

ಅದೇ ವಾರ ಸರ್ಕಾರ ಒಂದು ಘೋಷಣೆ ಹೊರಡಿಸಿತು. ತಂಪಾದ ಬೆಟ್ಟದ ಮೇಲೆ ಈ ಊರಿಗೆಂದೇ ಅರವತ್ತು ಹಾಸಿಗೆಗಳ ಶ್ವಾಸಕೋಶದ ಆಸ್ಪತ್ರೆಯೊಂದನ್ನು ಮುಂಚೆಯೇ ಕಟ್ಟಿಸಿಬಿಟ್ಟಿದ್ದರು. ಹದಿನಾಲ್ಕು ತಿಂಗಳಿಂದ ಅಲ್ಲಿ ಒಬ್ಬ ರೋಗಿಯೂ ಇಲ್ಲ. ಯಾರೂ ಬರುವುದಿಲ್ಲ ಎಂದು ಖಚಿತವಾದ ಮೇಲೆ ಸರ್ಕಾರ ಬಹಳ ಉದಾರವಾಯಿತು: 'ಊರಿನ ಯಾವುದೇ ನಿವಾಸಿಯ ಉಸಿರಂಕ ನಾನೂರಕ್ಕಿಂತ ಕಡಿಮೆ ಇದ್ದಲ್ಲಿ, ಅವರಿಗೆ ಊಟ, ವಸತಿ, ಔಷಧ ಎಲ್ಲವೂ ಉಚಿತ. ಗುಣವಾಗುವವರೆಗೆ ಇರಬಹುದು.'

ಬಲೂನಕ್ಕ ತಮ್ಮನ ಕೈ ಹಿಡಿದು ಓಣಿಗೆ ಕರೆತಂದಳು. ಈ ಸಲ ಅವನೇ ಊದಿದ. ಚೀಟಿ ಬೀಳಲಿಲ್ಲ. ಧ್ವನಿವರ್ಧಕ ಕೇಳಿತು, "ಯಾರೂ ಇಲ್ವಾ ಅಲ್ಲಿ?"

"ಇದ್ದೀನಿ ಸಾರ್. ಊದಿದೆ."

"ಇನ್ನೊಂದ್ಸಲ ಊದಿ."

ಎರಡನೇ ಸಲ ಚೀಟಿ ಬಿತ್ತು. ನೂರ ಮೂವತ್ತು. ಗುಮಾಸ್ತ ಗಾಬರಿಯಾಗಿ ಹೊರಗೋಡಿ ಬಂದ, ಕಾಲುಚೀಲದಲ್ಲೇ. "ಯಂತ್ರ ಕೆಟ್ಟಿದೆ," ಎಂದು ಘೋಷಿಸಿ, ಯಂತ್ರಕ್ಕೆ ಮೂರು ದಿನ ವಿಶ್ರಾಂತಿ ಕೊಟ್ಟ. ನಾಲ್ಕನೇ ದಿನ ತಮ್ಮ ಮತ್ತೆ ಊದಿದಾಗ ನೂರ ಇಪ್ಪತ್ತೆಂಟು ಬಂತು. ಆಗ ತಮ್ಮನಿಗೆ ನೋಟಿಸು ಬಂತು: 'ತಮ್ಮ ಅಧಿಕೃತ ಉಸಿರಂಕ ಆರುನೂರ ನಲವತ್ತು ಇರುತ್ತದೆ. ಶ್ವಾಸವರ್ಧಕದ ಮಧ್ಯೆಯೇ ಬದುಕುವ ತಮ್ಮ ಅಂಕ ಇಳಿಯಲು ವೈಜ್ಞಾನಿಕ ಕಾರಣಗಳಿಲ್ಲ. ಆದ್ದರಿಂದ ತಮ್ಮ ವರ್ತನೆಯನ್ನು ದುರುದ್ದೇಶಪೂರಿತ ಅಲ್ಪ ಊದುವಿಕೆ ಎಂದು ಏಕೆ ಪರಿಗಣಿಸಬಾರದು? ಏಳು ದಿನದೊಳಗೆ ಉತ್ತರಿಸಿ.'

ನೋಟಿಸು ಓದಿಸಿಕೊಂಡ ಬಲೂನಕ್ಕ ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿ, ನೆಟ್ಟಗೆ ದೊಡ್ಡ ಸಾಹೇಬರ ಕೋಣೆಗೆ ನುಗ್ಗಿದಳು.

"ಸ್ವಾಮಿ, ಅವತ್ತು ಊದಿದ್ದು ನಾನು."

"ಏನು ಊದಿದ್ದು?"

"ನನ್ನ ತಮ್ಮನ ಪರವಾಗಿ. ಆ ಆರುನೂರ ನಲವತ್ತು ನಂದು."

ಸಾಹೇಬರು ನಕ್ಕರು. "ಒಬ್ಬರಿಗೆ ಊದಿದ್ರೆ ದೊಡ್ಡ ವಿಷಯ ಅಲ್ಲಮ್ಮ. ತಿದ್ದುಪಡಿ ಮಾಡೋಣ."

"ಒಬ್ಬರಿಗಲ್ಲ ಸ್ವಾಮಿ. ಎಲ್ಲರಿಗೂ. ಸತ್ತೋರಿಗೂ."

ಸಾಹೇಬರು ನೀರು ತರಿಸಿಕೊಂಡು ಕುಡಿದರು. ಬಡ್ತಿ, ಸಮಿತಿ, ಚೀಲಕ್ಕಾಗಿ ಪತ್ರ ಬರೆದ ದೂರದ ಊರುಗಳು ಎಲ್ಲ ಕಣ್ಣ ಮುಂದೆ ಸುಳಿದವು. ಆದರೂ ಅವರು ನಿಯಮ ಬಲ್ಲವರು. "ಆಪಾದನೆ ಗಂಭೀರವಾದದ್ದು," ಎಂದರು. "ಬಾಯಿಮಾತಿಗೆ ಬೆಲೆ ಇಲ್ಲ. ನಾನೂರ ಹನ್ನೆರಡು ಜನಕ್ಕೆ ಊದೋ ಶ್ವಾಸಕೋಶ ನಿಮಗಿದೆ ಅನ್ನೋದನ್ನ ನೀವು ಸಾಬೀತು ಮಾಡಬೇಕು."

"ಊದಿ ತೋರಿಸ್ತೀನಿ. ಅದೇನು ನನಗೆ ದೊಡ್ಡದಾ? ದಿನಾ ಮಾಡೋದು ಅದೇ ತಾನೇ!"

ಮರುದಿನ ಬೆಳಿಗ್ಗೆ ಓಣಿ ತುಂಬಿಹೋಯಿತು. ಊರಿಗೆ ಊರೇ ಉಸಿರು ಬಿಗಿಹಿಡಿದು ನಿಂತಿತ್ತು. ಅವಳು ಗೆದ್ದರೆ ಎಲ್ಲರ ಕೆಲಸ ಹೋಗುತ್ತದೆ, ಸೋತರೆ ತಮ್ಮ ಹೋಗುತ್ತಾನೆ. ಯಾವುದನ್ನು ಬಯಸಬೇಕೋ ತಿಳಿಯದೆ ಜನ ಅವಳ ಮುಖ ನೋಡುತ್ತಿದ್ದರು. ಬಲೂನಕ್ಕ ಸೆರಗು ಸಿಕ್ಕಿಸಿ, ಕಾಲು ಅಗಲಿಸಿ ನಿಂತು, ಎದೆ ತುಂಬ ಗಾಳಿ ಎಳೆದು ಊದಿದಳು. ಚೀಟಿ ಬಿತ್ತು.

ಮುನ್ನೂರ ಹನ್ನೆರಡು.

"ತಡೀರಿ, ತಡೀರಿ, ಗಂಟಲು ಸರಿ ಮಾಡ್ಕೋತೀನಿ," ಎಂದು ಇನ್ನೊಮ್ಮೆ ಊದಿದಳು. ಇನ್ನೂರ ತೊಂಬತ್ತೆಂಟು. ಮೂರನೇ ಸಲ ಊದಲು ಹೋದಾಗ ಕೆಮ್ಮು ಬಂತು. ಬಂದ ಕೆಮ್ಮು ಹೋಗಲಿಲ್ಲ. ಅವಳಿಗೆ ಆಗ ಹೊಳೆಯಿತು: ಐದಾರು ತಿಂಗಳಿಂದ ಬಲೂನು ಬರಬರುತ್ತಾ ಗಟ್ಟಿಯಾಗುತ್ತಿದೆ, ರಬ್ಬರಿಗೆ ಏನೋ ಕಲಬೆರಕೆ ಮಾಡುತ್ತಿದ್ದಾರೆ ಎಂದು ಅವಳು ಸಗಟು ಅಂಗಡಿಯವನನ್ನು ಬಾಯಿಗೆ ಬಂದಂತೆ ಬೈದಿದ್ದಳು. ಸಣ್ಣ ಬಲೂನು ತರಿಸಲು ಶುರು ಮಾಡಿದ್ದಳು. ಪಾಪ, ಅವನ ರಬ್ಬರಿನಲ್ಲಿ ತಪ್ಪೇನೂ ಇರಲಿಲ್ಲ. ನೀರು ಕಾಣದ ಆ ರಸ್ತೆಯಲ್ಲಿ ದಿನಾ ಎದೆ ತುಂಬ ಎಳೆದುಕೊಂಡವರಲ್ಲಿ ಅವಳಷ್ಟು ಎಳೆದುಕೊಂಡವರು ಯಾರೂ ಇರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಬಲೂನಕ್ಕನಿಗೆ ಭಯವಾಯಿತು.

ದೊಡ್ಡ ಸಾಹೇಬರು ಮಾತ್ರ ಹಗುರಾದರು. "ನೋಡಿದಿರಾ?" ಎಂದು ಜನರ ಕಡೆ ತಿರುಗಿದರು. "ತಮಗೇ ಸಾಕಾಗುವಷ್ಟು ಉಸಿರಿಲ್ಲದ ಈ ಹೆಂಗಸು ನಾನೂರು ಜನಕ್ಕೆ ಊದಿದರಂತೆ! ಊರಿನ ದಾಖಲೆಗಳು ನಿಷ್ಕಳಂಕ. ತಮ್ಮನ ಮೇಲಿನ ಪ್ರೀತಿಯಿಂದ ಹೇಳಿದ ಸುಳ್ಳು, ಕ್ಷಮಿಸಿದ್ದೇನೆ. ತಮ್ಮನ ನೋಟಿಸನ್ನೂ ಕೈಬಿಟ್ಟಿದ್ದೇನೆ." ಆಮೇಲೆ ಅವಳ ಚೀಟಿಗೆ ಸಹಿ ಹಾಕಿದರು: ಅಸಮರ್ಥ. ಗುಮಾಸ್ತ ಬಂದು, "ಅಭಿನಂದನೆ ಅಮ್ಮಾ, ಈ ಊರಿನ ಮೊಟ್ಟಮೊದಲ ರೋಗಿ ನೀವು," ಎಂದು ಬೆಟ್ಟದ ಆಸ್ಪತ್ರೆಗೆ ದಾಖಲಾಗುವ ಪತ್ರವನ್ನು ಕೈಗಿತ್ತ.

ಸಂಜೆ ಬಲೂನಕ್ಕ ಆ ಪತ್ರವನ್ನು ತಮ್ಮನ ತೊಡೆಯ ಮೇಲಿಟ್ಟಳು.

"ನೀನು ಹೊರಡು."

"ಅಕ್ಕಾ, ಇದರಲ್ಲಿರೋದು ನಿನ್ನ ಹೆಸರು."

"ನಿನ್ನ ಹೆಸರಲ್ಲಿ ನಾನು ಊದಲಿಲ್ವೇನೋ? ನನ್ನ ಹೆಸರಲ್ಲಿ ನೀನು ಮಲಕ್ಕೋ."

"ನಿಂಗೂ ಹುಷಾರಿಲ್ಲ. ನೀನು ಹೋಗು."

"ನಂದು ಮುನ್ನೂರು, ನಿಂದು ನೂರ ಇಪ್ಪತ್ತೆಂಟು. ಲೆಕ್ಕದಲ್ಲಿ ನೀನು ಯಾವಾಗ್ಲೂ ದಡ್ಡ ಕಣೋ."

ತಮ್ಮ ಪತ್ರದ ಮೇಲಿನ ಹೆಸರು ನೋಡಿ ಮೀಸೆ ಮುಟ್ಟಿಕೊಂಡ. "ಮೀಸೆ ಇದೆಯಲ್ಲಕ್ಕಾ," ಎಂದ.

"ಮೀಸೆ ಇರಬಾರದು ಅಂತ ಪತ್ರದಲ್ಲಿ ಎಲ್ಲಾದ್ರೂ ಬರೆದಿದ್ದಾರಾ? ಇಲ್ಲ ತಾನೇ? ಮತ್ತೆ!"

ಬೆಟ್ಟದ ಆಸ್ಪತ್ರೆಯ ವೈದ್ಯೆ ಪತ್ರವನ್ನು ನೋಡಿದರು, ಮೀಸೆಯನ್ನು ನೋಡಿದರು, ಹಿಂದೆ ಸಾಲಾಗಿದ್ದ ಅರವತ್ತು ಖಾಲಿ ಹಾಸಿಗೆಗಳನ್ನು ನೋಡಿದರು. ಹದಿನಾಲ್ಕು ತಿಂಗಳಿಂದ ಅವರು ರೋಗಿಯ ಮುಖ ಕಂಡಿರಲಿಲ್ಲ. ತಿಂಗಳ ಕೊನೆಗೆ ಒಬ್ಬರೂ ಬಾರದಿದ್ದರೆ ಆಸ್ಪತ್ರೆ ಮುಚ್ಚುವುದಿತ್ತು. ಎದೆಗೆ ಕೊಳವೆಯಿಟ್ಟು ಕೇಳಿದಾಗ ಅವರ ಮುಖ ಗಂಭೀರವಾಯಿತು. ಕಡತದಲ್ಲಿ ಹೀಗೆ ಬರೆದರು: 'ರೋಗಿಯ ಮುಖದ ಮೇಲೆ ದಟ್ಟವಾದ ಕೂದಲಿದೆ. ಇದು ಶ್ವಾಸಕೋಶಕ್ಕೆ ಸಂಬಂಧಪಟ್ಟ ವಿಷಯವಲ್ಲ. ಹೆಂಗಸರ ವಾರ್ಡು, ಮೊದಲನೇ ಹಾಸಿಗೆ.' ನರ್ಸುಗಳು ತಮ್ಮನನ್ನು ಅಕ್ಕಾ ಎಂದೇ ಕರೆದರು. ಮೊದಲ ಮೂರು ದಿನ ಅವನಿಗೆ ನಾಚಿಕೆಯಾಯಿತು, ನಾಲ್ಕನೇ ದಿನದಿಂದ ಓಗೊಡಲು ಶುರು ಮಾಡಿದ. ಹೊರಡುವಾಗ ವೈದ್ಯೆ ಅವನನ್ನು ಪಕ್ಕಕ್ಕೆ ಕರೆದು ನಿಜ ಹೇಳಿದರು: "ಒಳಗೆ ಹೋಗಿ ಕೂತಿರೋ ಕಲ್ಲುಪುಡೀನ ನಾನು ತೆಗೆಯೋಕಾಗಲ್ಲ ಅಕ್ಕಾ. ಇನ್ನು ಮೇಲೆ ಹೋಗದ ಹಾಗೆ ನೋಡ್ಕೊಂಡ್ರೆ ಬದುಕ್ತೀರ."

ನಲವತ್ತು ದಿನಕ್ಕೆ ತಮ್ಮ ಮೂರು ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿ ಮನೆಗೆ ಬಂದ. ಅಷ್ಟು ದಿನವೂ ಗಿರಣಿಯಲ್ಲಿ ಜತೆಗಾರರು ಅವನ ಹಾಜರಿ ಹಾಕಿದ್ದರು. ಆ ತಿಂಗಳು ಶಿಸ್ತಿನ ಕೆಲಸಗಾರ ಎಂದು ಫಲಕದಲ್ಲಿ ಅವನ ಹೆಸರೇ ಇತ್ತು. ಆದರೆ ಧೂಳಿಲ್ಲದ ಕೆಲಸ ಎಲ್ಲಿಂದ ತರುವುದು? ಆ ಹೊತ್ತಿಗೆ ಯಂತ್ರದ ಕೋಣೆಯಲ್ಲಿ ಯಂತ್ರವನ್ನು ಒರೆಸಲು ಒಬ್ಬ ಸಹಾಯಕ ಬೇಕಾಗಿದ್ದ. ಯಂತ್ರದ ಮೇಲೆ ಕೆಮ್ಮಬಾರದಾದ್ದರಿಂದ ಅರ್ಹತೆ ಬಿಗಿಯಾಗಿತ್ತು: ಉಸಿರಂಕ ಆರುನೂರಕ್ಕೆ ಕಡಿಮೆ ಇರಕೂಡದು. ದಾಖಲೆ ನಿಷ್ಕಳಂಕವೆಂದು ಸಾಹೇಬರೇ ಸಾರಿದ್ದರು. ಆರುನೂರ ನಲವತ್ತರ ತಮ್ಮ ಬಿಳಿ ಕಾಲುಚೀಲ ತೊಟ್ಟು ಊರಿನ ಅತ್ಯಂತ ಶುದ್ಧವಾದ ಗಾಳಿಯಲ್ಲಿ ಕೆಲಸಕ್ಕೆ ಕೂತ. ಬಲೂನಕ್ಕ ಅವತ್ತು ಓಣಿಯಲ್ಲಿ ಸಿಕ್ಕಸಿಕ್ಕ ಮಕ್ಕಳಿಗೆಲ್ಲ ಸುಮ್ಮನೆ ಬಲೂನು ಹಂಚಿದಳು.

ದಾಖಲಾತಿ ಪತ್ರದಲ್ಲಿ 'ಗುಣವಾಗುವವರೆಗೆ' ಎಂದಿತ್ತು. ಬಲೂನಕ್ಕ ಗುಣವಾಗಿರಲಿಲ್ಲವಾದ್ದರಿಂದ ಪತ್ರ ಇನ್ನೂ ಜೀವಂತವಾಗಿತ್ತು. ಮೊದಲು ಅದನ್ನು ತಮ್ಮನ ಜತೆಗಾರನೊಬ್ಬ ಕೇಳಿಕೊಂಡು ಹೋದ. ಅವನು ರಾತ್ರಿಯೆಲ್ಲ ಕೆಮ್ಮುವುದು ಪಕ್ಕದ ಬೀದಿಗೂ ಕೇಳುತ್ತಿತ್ತು, ಇಲ್ಲ ಅನ್ನಲಾದೀತೇ? ಅವನ ಹಿಂದೆ ಅವನ ಅತ್ತಿಗೆ ಹೋದಳು. ಆಮೇಲೆ ಪತ್ರಕ್ಕೇ ಒಂದು ಸರದಿ ಪಟ್ಟಿ ಬೇಕಾಯಿತು, ಅಚ್ಚುಕಟ್ಟಾಗಿ ಬರೆಯಬಲ್ಲವನೆಂದು ಗುಮಾಸ್ತನೇ ಅದನ್ನು ಇಟ್ಟುಕೊಂಡ. ತನ್ನ ಹೆಸರನ್ನೂ ನಡುವೆ ಎಲ್ಲೋ ಸೇರಿಸಿದ್ದ. ಅವನಿಗೂ ಸಣ್ಣದಾಗಿ ಕೆಮ್ಮು ಹತ್ತಿತ್ತು. ಬೆಟ್ಟದ ಮೇಲಿನ ಕಡತದಲ್ಲಿ ರೋಗಿ ನಲವತ್ತು ದಿನಕ್ಕೊಮ್ಮೆ ಅರ್ಧ ಅಡಿ ಉದ್ದವಾಗುತ್ತಿದ್ದಳು, ಗಿಡ್ಡವಾಗುತ್ತಿದ್ದಳು, ಮೀಸೆ ಬೆಳೆಸುತ್ತಿದ್ದಳು, ಬೋಳಿಸುತ್ತಿದ್ದಳು. ಒಂದೇ ರೋಗಿಯಾದ್ದರಿಂದ ಒಂದೇ ಹಾಸಿಗೆ. ಉಳಿದ ಐವತ್ತೊಂಬತ್ತನ್ನು ನರ್ಸುಗಳು ದಿನಾ ಬೆಳಿಗ್ಗೆ ಕೊಡವಿ ಹಾಸುತ್ತಿದ್ದರು. ದೊಡ್ಡ ಸಾಹೇಬರು ವಾರ್ಷಿಕ ವರದಿ ಬರೆದರು: 'ಇಡೀ ಊರಿನಲ್ಲಿ ಅಸ್ವಸ್ಥರ ಸಂಖ್ಯೆ ಒಂದು. ಆ ಮಹಿಳೆಗೆ ಸರ್ಕಾರ ಅತ್ಯುತ್ತಮ ಚಿಕಿತ್ಸೆ ಒದಗಿಸುತ್ತಿದೆ.' ಓದಿದವರೆಲ್ಲ ತಲೆದೂಗಿದರು.

ಒಂದು ಬೆಳಿಗ್ಗೆ ಬಲೂನಕ್ಕನಿಗೆ ಒಂದು ಬಲೂನು ಊದಲು ನಾಲ್ಕು ಉಸಿರು ಬೇಕಾದವು. ಐದನೆಯದಕ್ಕೆ ತಲೆ ಸುತ್ತಿತು. ಅವಳು ಕೋಲನ್ನು ಗೋಡೆಗೊರಗಿಸಿ, ಕಚೇರಿಯ ಮುಂಭಾಗದಲ್ಲಿ ಗುಮಾಸ್ತ ಪಟ್ಟಿ ಹಿಡಿದು ಕೂರುತ್ತಿದ್ದ ಕಿಟಕಿಯ ಮುಂದಿನ ಸಾಲಿನಲ್ಲಿ ಕೊನೆಯವಳಾಗಿ ನಿಂತಳು. ಮಧ್ಯಾಹ್ನದ ಹೊತ್ತಿಗೆ ಅವಳ ಸರದಿ ಬಂತು.

"ಸ್ವಾಮಿ, ನಾನೂ ಒಂದ್ಸಲ ಬೆಟ್ಟಕ್ಕೆ ಹೋಗಿಬರೋಣ ಅಂತ."

"ಯಾರ ಹೆಸರಲ್ಲಿ?"

"ನನ್ನ ಹೆಸರಲ್ಲೇ."

ಗುಮಾಸ್ತ ಕನ್ನಡಕ ಸರಿಮಾಡಿಕೊಂಡು ಪಟ್ಟಿಯ ಮೇಲೆ ಬೆರಳಾಡಿಸಿದ. ಅವನು ಕೆಟ್ಟವನಲ್ಲ, ಬೆರಳು ಕೆಳಗಿಳಿದಷ್ಟೂ ಅವನ ಮುಖವೂ ಇಳಿಯಿತು. "ನಿಮ್ಮ ಹೆಸರಲ್ಲಿ ಸದ್ಯಕ್ಕೆ ಬೇಕರಿಯವರು ಮಲಗಿದ್ದಾರೆ ಅಮ್ಮಾ. ಅವರಾದ ಮೇಲೆ ಮೇಸ್ತ್ರಿ ಮಗ. ನಿಮ್ಮನ್ನ ಸೇರಿಸಿದ್ರೆ ನೂರ ಹದಿನೇಳನೆಯವರಾಗ್ತೀರ." ಬಾಯಲ್ಲೇ ಲೆಕ್ಕ ಹಾಕಿದ. "ಹನ್ನೆರಡು ವರ್ಷ ಹತ್ತು ತಿಂಗಳು."

ಬಲೂನಕ್ಕ ಕಿಟಕಿಯ ಕಂಬಿ ಹಿಡಿದುಕೊಂಡು ಉಸಿರು ಸುಧಾರಿಸಿಕೊಂಡಳು. ಮುಂದೆ ಇರುವವರ ಹೆಸರುಗಳನ್ನು ಒಂದೊಂದಾಗಿ ಓದಿಸಿ ಕೇಳಿದಳು. ಒಬ್ಬರನ್ನೂ ಹಿಂದಕ್ಕೆ ಹಾಕಿ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಎಲ್ಲರ ಕೆಮ್ಮೂ ಅವಳಿಗೆ ಗುರುತಿತ್ತು.

"ಅಲ್ಲೀವರೆಗೆ ನಾನೇನು ಮಾಡಲಿ?" ಎಂದಳು.

ಗುಮಾಸ್ತ ಕಡತ ತೆರೆದು ನೋಡಿ, ನಿರಾಳವಾಗಿ ನಕ್ಕ. "ಅಲ್ಲೀವರೆಗೆ ನಿಮಗೇನು ಯೋಚನೆ ಅಮ್ಮಾ? ದಾಖಲೆ ಪ್ರಕಾರ ನೀವು ಆಸ್ಪತ್ರೇಲೇ ಇರ್ತೀರಲ್ಲ!"

ಹಿಂದೆ ನಿಂತಿದ್ದವರು ಹೌದು ಹೌದು ಎಂದರು. ಅಷ್ಟು ವರ್ಷ ಬೆಟ್ಟದ ಗಾಳಿ, ಹೊತ್ತು ಹೊತ್ತಿಗೆ ಊಟ, ಔಷಧ. ಪುಣ್ಯ ಮಾಡಿರಬೇಕು ಎಂದು ಒಬ್ಬಳು ಕೆಮ್ಮುತ್ತಾ ಅಂದಳು. ಬಲೂನಕ್ಕನಿಗೂ ಯೋಚಿಸಿ ನೋಡಿದಾಗ ಅದು ಸರಿಯೆನ್ನಿಸಿತು. ಆಸ್ಪತ್ರೆಯಲ್ಲಿ ಊಟ ಚೆನ್ನಾಗಿ ಮಾಡುತ್ತಿದ್ದೇನಂತೆಯೇ ಎಂದು ಗುಮಾಸ್ತನನ್ನು ಕೇಳಿದಳು. ಚೆನ್ನಾಗಿ ಮಾಡುತ್ತಿದ್ದೀರಿ, ಎರಡು ಕೇಜಿ ತೂಕ ಏರಿದೆ ಎಂದು ಅವನು ಓದಿ ಹೇಳಿದ. ಸರಿ ಬಿಡಪ್ಪ, ಅಷ್ಟಾದರೆ ಸಾಕು ಎಂದು ಅವಳು ಮುಂದಿನವರಿಗೆ ಜಾಗ ಬಿಟ್ಟಳು.